ಫುಲ್ ರೇಟ್ ಕೊಟ್ರು, ಆದ್ರೂ ನೂರಕ್ಕೆ ಮೂವತ್ತೈದು ಹೋಯ್ತು: ಹಳೇ ಬೆಳ್ಳಿ ನಾಣ್ಯ ಮಾರೋ ಲೆಕ್ಕ

ಮೊದಲನೇ ಸಲ ಬೆಳ್ಳಿ ನಾಣ್ಯ ಮಾರಿದಾಗ ನಂಗೆ ಟೋಪಿ ಬಿದ್ದಿದೆ ಅಂತ ಗೊತ್ತಾಗೋಕೇ ಮೂರು ದಿನ ಹಿಡೀತು. ತಾತ ಹಡಗಲ್ಲಿ ಕೆಲಸ ಮಾಡ್ತಿದ್ರು, ಯಾವ್ಯಾವ ಬಂದರಿಗೆ ಹೋಗ್ತಿದ್ರೋ ಅಲ್ಲಿಂದ ಒಂದೊಂದು ನಾಣ್ಯ ತಂದು ತಗಡಿನ ಡಬ್ಬಿಗೆ ಹಾಕ್ತಿದ್ರು, ಅವ್ರು ಹೋದ್ಮೇಲೆ ಆ ಡಬ್ಬಿ ನನ್ನ ಕೈಗೆ ಬಂತು. ಒಟ್ಟು 44 ನಾಣ್ಯ. ಡೀಲರ್ ಅದನ್ನ ಬಟ್ಟೆ ಹಾಸಿದ ಟ್ರೇ ಮೇಲೆ ಸುರಿದು, ಬೆರಳಲ್ಲಿ ಹರಡಿ, ಒಂದೆರಡನ್ನ ಎತ್ತಿ ಅಂಚು ನೋಡಿ, ಆಮೇಲೆ ಎಲ್ಲಾನೂ ಬಾಚಿ ಒಟ್ಟಿಗೇ ತಕ್ಕಡಿಗೆ ಹಾಕಿದ್ರು. 470 ಗ್ರಾಂ ತೋರಿಸ್ತು. "ಎಲ್ಲಾ ಮಿಕ್ಸ್ ಮಾಲು ಸರ್, ಆವರೇಜ್ ಅರ್ಧ ಬೆಳ್ಳಿ ಅಂತ ಹಿಡ್ಕೊಳ್ಳೋಣ, ಆದ್ರೆ ನಾನು ಒಂದ್ ಪೈಸಾನೂ ಕಟ್ ಮಾಡಲ್ಲ, 235 ಗ್ರಾಂಗೆ ಇವತ್ತಿನ ಫುಲ್ ರೇಟ್" ಅಂದ್ರು. ಕಟ್ ಮಾಡಲ್ಲ ಅನ್ನೋ ಮಾತು ಕೇಳಿ ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ, ಎರಡು ಸಲ ಥ್ಯಾಂಕ್ಸ್ ಹೇಳಿ ಬಂದೆ.

ಪುಣ್ಯಕ್ಕೆ ಹೋಗೋ ಮುಂಚೆ ಮೊಬೈಲಲ್ಲಿ ಎಲ್ಲಾದರ ಫೋಟೋ ತೆಗೆದಿಟ್ಟಿದ್ದೆ. ಮೂರು ದಿನ ಆದ್ಮೇಲೆ ಸುಮ್ನೆ ಕೂತು ಒಂದೊಂದೇ ನಾಣ್ಯದ ಇಸವಿ ನೋಡ್ತಾ ಲೆಕ್ಕ ಹಾಕಿದ್ರೆ, ಸವೆತ ಕಳೆದ್ರೂ ಅದ್ರಲ್ಲಿ ಇದ್ದಿದ್ದು ಸುಮಾರು 363 ಗ್ರಾಂ ಅಪ್ಪಟ ಬೆಳ್ಳಿ! ಅಂದ್ರೆ ನಂಗೆ ಸಿಕ್ಕಿದ್ದು ನೂರಕ್ಕೆ 65. ಇನ್ನೊಬ್ಬ ಡೀಲರ್ ಮುಖ ಗಂಟು ಹಾಕ್ಕೊಂಡು "ನೂರಕ್ಕೆ ತೊಂಬತ್ತು ಕೊಡ್ತೀನಿ, ಬೇಕಾದ್ರೆ ಕೊಡು ಇಲ್ಲಾಂದ್ರೆ ಬಿಡು" ಅಂದಿದ್ರೂ ನಂಗೆ 327 ಗ್ರಾಂ ದುಡ್ಡು ಸಿಗ್ತಿತ್ತು. ಫುಲ್ ರೇಟ್ ಕೊಟ್ಟವರಿಗಿಂತ ಕಟ್ ಮಾಡೋರೇ 92 ಗ್ರಾಂ ಜಾಸ್ತಿ ಕೊಡ್ತಿದ್ರು ಅಂತಾಯ್ತು. ರೇಟಲ್ಲಿ ಏನೂ ಆಟ ಇರ್ಲಿಲ್ಲ, ಆಟ ಇದ್ದಿದ್ದು "ಆವರೇಜ್ ಅರ್ಧ" ಅನ್ನೋ ಎರಡು ಪದದಲ್ಲಿ.

ಸರಿ, ಲೆಕ್ಕ ಹೆಂಗೆ ಅಂತ ನೋಡೋಣ. ಮಾಮೂಲಿ ನಾಣ್ಯ ಅಂದ್ರೆ ಲಕ್ಷ, ಕೋಟಿ ಲೆಕ್ಕದಲ್ಲಿ ಅಚ್ಚು ಹಾಕಿದ್ದು, ಸಂಗ್ರಹ ಮಾಡೋರು ಹುಡುಕ್ಕೊಂಡು ಬರದೇ ಇರೋದು. ಇಂಥದ್ದಕ್ಕೆ ಬೆಲೆ ಬರೋದು ಒಳಗಿರೋ ಬೆಳ್ಳಿಯಿಂದ ಮಾತ್ರ. ನೂರು ವರ್ಷ ಹಳೇದು, ರಾಣಿ ಚಿತ್ರ ಇದೆ, ಮನೆತನದ್ದು, ಇದ್ಯಾವುದಕ್ಕೂ ಕೌಂಟರ್ ಮೇಲೆ ಕವಡೆ ಕಿಮ್ಮತ್ತಿಲ್ಲ. ನಾಣ್ಯದ ತೂಕ ಇಂಟು ಅದರ ಶುದ್ಧತೆ ಇಂಟು ಅವತ್ತಿನ ಸ್ಪಾಟ್ ರೇಟ್, ಅಂದ್ರೆ ಆ ಹೊತ್ತಿಗೆ ಮಾರ್ಕೆಟಲ್ಲಿ ನಡೀತಿರೋ ಬೆಳ್ಳಿ ಬೆಲೆ, ಇಷ್ಟೇ. ಇದನ್ನ ಕರಗಿಸಿದ ಬೆಲೆ ಅಂತ ಕರೀತಾರೆ, ನಿಜವಾಗ್ಲೂ ಕರಗಿಸ್ತಾರೆ ಅಂತಲ್ಲ, ಕರಗಿಸಿದ್ರೆ ಎಷ್ಟು ಬರತ್ತೆ ಅನ್ನೋ ಲೆಕ್ಕ. ಮಿಕ್ಕ ಚೌಕಾಸಿ ಎಲ್ಲಾ ಈ ನಂಬರಿನ ನೂರಕ್ಕೆ ಎಷ್ಟು ಅನ್ನೋದರ ಮೇಲೆ.

ನಮ್ಮ ಡಬ್ಬೀಲಿ ಇದ್ದಿದ್ದನ್ನೇ ತಗೊಳ್ಳಿ. ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿ 20 ಇತ್ತು. ಒಂದೊಂದು 11.66 ಗ್ರಾಂ, ನೋಡೋಕೂ ಹೆಚ್ಚುಕಮ್ಮಿ ಒಂದೇ ಥರ. ಆದ್ರೆ 12 ರೂಪಾಯಿ 1940ಕ್ಕಿಂತ ಮುಂಚಿನದು, ಅದ್ರಲ್ಲಿ ನೂರಕ್ಕೆ 91.7 ಬೆಳ್ಳಿ, ಅಂದ್ರೆ ಒಂದರಲ್ಲಿ 10.69 ಗ್ರಾಂ. ಯುದ್ಧದ ಟೈಮಲ್ಲಿ ಬೆಳ್ಳಿ ಸಾಲದೇ ಬಂದು 1940ರಿಂದ ಅದನ್ನ ಅರ್ಧಕ್ಕೆ ಇಳಿಸಿದ್ರು, ಹಂಗಾಗಿ ಮಿಕ್ಕ ಎಂಟರಲ್ಲಿ ಒಂದಕ್ಕೆ 5.83 ಗ್ರಾಂ ಅಷ್ಟೇ. 1947ಕ್ಕೆ ಬಂದ್ರೆ ಅದೂ ಇಲ್ಲ, ಬರೀ ನಿಕ್ಕಲ್. ಇಂಗ್ಲೆಂಡಿಂದೂ ಇದೇ ಕಥೆ, ಅಲ್ಲಿ ಮಾತ್ರ ಮೊದಲನೇ ಯುದ್ಧ ಆದ್ಮೇಲೆ ಇಳಿಸಿದ್ರು. 1919ರ ತನಕ ಶೇಕಡಾ 92.5, 1920ರಿಂದ 1946ರ ತನಕ 50, 1947ರಿಂದ ಸೊನ್ನೆ. 14.14 ಗ್ರಾಮಿನ ಹಾಫ್ ಕ್ರೌನ್ ಒಂದ್ರಲ್ಲಿ 1919ರದ್ದಾದ್ರೆ 13.08 ಗ್ರಾಂ ಬೆಳ್ಳಿ, 1920ರ ಮಾಮೂಲಿ ಪೀಸ್ ಆದ್ರೆ 7.07. ಒಂದೇ ವರ್ಷದ ವ್ಯತ್ಯಾಸ! ನನ್ನ ಹತ್ರ ಇದ್ದ ಆರರಲ್ಲಿ ಎರಡು ಹಳೇವು, ನಾಲ್ಕು ಅರ್ಧದ್ದು. ಅಮೆರಿಕದ ಕ್ವಾರ್ಟರ್, ಅಂದ್ರೆ ಕಾಲು ಡಾಲರ್, 16 ಇತ್ತು, 1964 ಮತ್ತು ಅದಕ್ಕಿಂತ ಮುಂಚಿನವು, 6.25 ಗ್ರಾಂ, ಶೇಕಡಾ 90. ಅಲ್ಲಿ 1965ರಲ್ಲಿ ಕಾನೂನು ತಂದು ಡೈಮ್ (ಹತ್ತು ಸೆಂಟ್), ಕ್ವಾರ್ಟರಿಂದ ಬೆಳ್ಳೀನೇ ತೆಗೆದುಬಿಟ್ರು, ಹಾಫ್ ಡಾಲರ್ ಒಂದನ್ನ ಮಾತ್ರ 1970ರ ತನಕ ಶೇಕಡಾ 40ರಲ್ಲಿ ಉಳಿಸಿಕೊಂಡ್ರು. ಕೊನೇಗೆ ಎರಡು ಮರಿಯಾ ತೆರೇಸಾ ಥೇಲರ್, ಆಸ್ಟ್ರಿಯಾದ ರಾಣಿ ಹೆಸರಿನ ಬೆಳ್ಳಿ ನಾಣ್ಯ, ದಪ್ಪಗೆ, 28.07 ಗ್ರಾಂ, ಶೇಕಡಾ 83.3. ಇದರ ಮೇಲೆ 1780 ಅಂತ ಇರತ್ತೆ, ಅದನ್ನ ನೋಡಿ ಇನ್ನೂರು ಚಿಲ್ಲರೆ ವರ್ಷ ಹಳೇ ನಿಧಿ ಅಂತ ಕುಣಿಯೋ ಹಾಗಿಲ್ಲ, ಯಾಕಂದ್ರೆ ಆ ರಾಣಿ ತೀರಿಕೊಂಡ ವರ್ಷದ ತಾರೀಖನ್ನೇ ಇಟ್ಕೊಂಡು ಬೇರೆ ಬೇರೆ ಟಂಕಸಾಲೆಗಳು ಇಪ್ಪತ್ತನೇ ಶತಮಾನದಲ್ಲೂ ಅಚ್ಚು ಹಾಕ್ತಾನೇ ಇದ್ವು. ಅರೇಬಿಯಾ, ಇಥಿಯೋಪಿಯಾ ಕಡೆ ವ್ಯಾಪಾರಕ್ಕೆ ಜನ ಈ ನಾಣ್ಯಾನೇ ಕೇಳ್ತಿದ್ರು.

ಇದಿಷ್ಟನ್ನ ಕೂಡಿಸಿದ್ರೆ ಅಚ್ಚಿನ ತೂಕದ ಪ್ರಕಾರ 366 ಗ್ರಾಂ. ಅದ್ರಲ್ಲಿ ಅರ್ಧ ಬೆಳ್ಳಿದು ಅಂತ ಇದ್ದಿದ್ದು ಬರೀ 12 ನಾಣ್ಯ, ಮಿಕ್ಕ 32ರಲ್ಲಿ ಬೆಳ್ಳಿ ಶೇಕಡಾ ಎಂಬತ್ತರ ಮೇಲೆ. ಡೀಲರ್ ಎತ್ತಿ ಅಂಚು ನೋಡಿದ ಆ ಒಂದೆರಡು ಯಾವುದು ಅಂತ ಇವತ್ತಿಗೂ ಯೋಚ್ನೆ ಬರತ್ತೆ.

ಹೋಗೋ ಮುಂಚೆ ಮನೇಲೇ ದೇಶ, ಇಸವಿ, ಮುಖಬೆಲೆ ನೋಡಿ ಶುದ್ಧತೆ ಪ್ರಕಾರ ಬೇರೆ ಬೇರೆ ಕವರಿಗೆ ಹಾಕಿ, ಕವರ್ ಮೇಲೆ ಎಷ್ಟು ನಾಣ್ಯ, ಎಷ್ಟು ಗ್ರಾಂ, ಶೇಕಡಾ ಎಷ್ಟು ಅಂತ ಬರೀರಿ. ಒಂದು ಸಂಜೆ ಕೆಲಸ. ಡಬ್ಬಿ ಸುರಿಯೋರಿಗೂ ಕವರ್ ಇಡೋರಿಗೂ ಡೀಲರ್ ಮಾತಾಡೋ ಧಾಟಿನೇ ಬೇರೆ, ಇದನ್ನ ಕಣ್ಣಾರೆ ನೋಡಿದೀನಿ. ಎಲ್ಲಾ ಸೇರಿಸಿ ಒಂದು ರೇಟ್ ಹೇಳಿ ಅನ್ನೋದು ಮಾರೋರಿಗೆ ಸುಲಭ ಅನ್ಸತ್ತೆ, ಲಾಭ ಮಾತ್ರ ಕೊಳ್ಳೋರಿಗೆ.

ಈಗ ತೂಕದ ಗೊಂದಲ, ಇದು ಡೀಲರ್ ತಪ್ಪಲ್ಲ, ಬಹಳ ಸಲ ನಮ್ಮದೇ. ಬೆಳ್ಳಿ ರೇಟನ್ನ ಪ್ರಪಂಚದ ಮಾರ್ಕೆಟಲ್ಲಿ ಔನ್ಸ್ ಲೆಕ್ಕದಲ್ಲಿ ಹೇಳ್ತಾರೆ, ಲಂಡನ್ನಲ್ಲಿ ದಿನಕ್ಕೊಂದು ಸಲ ಮಧ್ಯಾಹ್ನ ಒಂದು ಬೆಲೆ ನಿಗದಿ ಆಗತ್ತೆ, ಮಿಕ್ಕ ಹೊತ್ತೆಲ್ಲ ಅದು ನಿಮಿಷ ನಿಮಿಷಕ್ಕೂ ಮೇಲೆ ಕೆಳಗೆ ಆಗ್ತಿರತ್ತೆ. ಆ ಔನ್ಸ್ ಅನ್ನೋದು ಟ್ರಾಯ್ ಔನ್ಸ್, 31.1035 ಗ್ರಾಂ. ಅಡುಗೆಮನೆ ತಕ್ಕಡೀಲಿ ಬರೋ ಔನ್ಸ್ 28.35 ಗ್ರಾಂ. ಅಡುಗೆಮನೆ ತಕ್ಕಡೀಲಿ ಹತ್ತು ಔನ್ಸ್ ತೂಗ್ಕೊಂಡು ಹೋದ್ರೆ ಅಂಗಡೀಲಿ 9.11 ಅಂತ ಬರತ್ತೆ, ಆಗ ತಕ್ಕಡೀಲಿ ಮೋಸ ಅಂತ ಜಗಳ ಆಡಿ ಒಳ್ಳೇ ಡೀಲರನ್ನ ಬಿಟ್ಟು ಬಂದೋರೂ ಇದಾರೆ. ಇನ್ನೊಂದು ಕಡೆ ಪೆನ್ನಿವೇಟ್ ಅಂತ ಒಂದಿದೆ, ಟ್ರಾಯ್ ಔನ್ಸಲ್ಲಿ ಇಪ್ಪತ್ತನೇ ಒಂದು ಭಾಗ, 1.555 ಗ್ರಾಂ. ತಕ್ಕಡಿ ಆ ಸೆಟ್ಟಿಂಗಲ್ಲಿ ಇದ್ರೆ ನೂರು ಗ್ರಾಂ ಇಟ್ರೆ 64.3 ಅಂತ ತೋರಿಸತ್ತೆ, ಅದಕ್ಕೆ ಗ್ರಾಂ ರೇಟ್ ಗುಣಿಸಿದ್ರು ಅಂದ್ರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಗೋತಾ. ಅದಕ್ಕೇ ಎಲ್ಲಾನೂ ಗ್ರಾಮಲ್ಲೇ ಲೆಕ್ಕ ಹಾಕಿ, ಔನ್ಸ್ ರೇಟನ್ನ 31.1035ರಿಂದ ಭಾಗಿಸಿ ಗ್ರಾಂ ರೇಟ್ ಮಾಡ್ಕೊಳ್ಳಿ, ಅಂಗಡೀಲಿ ತಕ್ಕಡಿ ಡಿಸ್‌ಪ್ಲೇ ಪಕ್ಕ ಯಾವ ಅಕ್ಷರ ಇದೆ ಅಂತ ನೋಡಿ. ನೋಡ್ತೀನಿ ಅಂದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಮಾಡ್ಕೊಂಡ್ರೆ ಅದೂ ಒಂದು ಸುದ್ದಿನೇ.

ಸವೆತದ ಬಗ್ಗೆ ತಲೆ ಕೆಡಿಸಿಕೊಳ್ಳೋದು ಬೇಡ. ಅಮೆರಿಕದ ಶೇಕಡಾ 90ರ ನಾಣ್ಯ ಒಂದು ಡಾಲರ್ ಮುಖಬೆಲೆಗೆ ಹೊಸದಾಗಿದ್ದಾಗ 0.7234 ಟ್ರಾಯ್ ಔನ್ಸ್ ಬೆಳ್ಳಿ, ಡೀಲರುಗಳು ಲೆಕ್ಕಕ್ಕೆ ಹಿಡಿಯೋದು 0.715, ಓಡಾಡಿ ಸವೆದಿರತ್ತೆ ಅಂತ. ನೂರಕ್ಕೆ ಒಂದು ಚಿಲ್ಲರೆ ಅಷ್ಟೇ. ಸಾವಿರ ಡಾಲರ್ ಮುಖಬೆಲೆಯ ಒಂದು ಚೀಲ ಅಂದ್ರೆ 715 ಔನ್ಸ್, ಇದು ಆ ವ್ಯಾಪಾರದಲ್ಲಿ ಒಂಥರ ಅಳತೆ ಇದ್ದಂಗೆ. ಮುಖವೇ ಕಾಣದಷ್ಟು ಸವೆದಿದ್ರೆ ಮಾತ್ರ ಎಣಿಕೆ ಬಿಟ್ಟು ತೂಕಕ್ಕೆ ಹೋಗಿ.

ಅಸಲಿ ಹೌದೋ ಅಲ್ವೋ ಅನ್ನೋದನ್ನ ಮನೇಲೇ ನೋಡ್ಕೋಬಹುದು. ಆಯಸ್ಕಾಂತ ಎಲ್ಲಾರೂ ಹಿಡೀತಾರೆ, ಅಂಟಿಕೊಂಡ್ರೆ ಬೆಳ್ಳಿ ಅಲ್ಲ ಅಂತ ಗ್ಯಾರಂಟಿ, ಆದ್ರೆ ಅಂಟದೇ ಇದ್ರೆ ಬೆಳ್ಳೀನೇ ಅಂತಲ್ಲ, ತಾಮ್ರ, ಸೀಸ ಯಾವುದೂ ಅಂಟಲ್ಲ. ನಂಗೆ ಇಷ್ಟ ಆಗಿರೋದು ನೀರಿನ ಪರೀಕ್ಷೆ. 0.01 ಗ್ರಾಂ ತೋರಿಸೋ ಪುಟ್ಟ ತಕ್ಕಡಿ ಬೇಕು. ಮೊದಲು ನಾಣ್ಯ ತೂಗಿ ಬರೆದಿಟ್ಕೊಳ್ಳಿ. ಆಮೇಲೆ ಒಂದು ಚಿಕ್ಕ ಲೋಟದಲ್ಲಿ ನೀರು ಹಾಕಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ನಾಣ್ಯಕ್ಕೆ ತೆಳ್ಳಗಿನ ದಾರ ಕಟ್ಟಿ ನೀರೊಳಗೆ ಪೂರ್ತಿ ಮುಳುಗೋ ಹಾಗೆ ತೂಗಾಡಿಸಿ, ತಳಕ್ಕೂ ಪಕ್ಕಕ್ಕೂ ತಾಗಬಾರದು, ನಾಣ್ಯಕ್ಕೆ ಗುಳ್ಳೆ ಅಂಟಿಕೊಂಡಿದ್ರೆ ಒಂದ್ಸಲ ಅಲ್ಲಾಡಿಸಿ. ಈಗ ತಕ್ಕಡಿ ತೋರಿಸೋ ನಂಬರಿಂದ ನಾಣ್ಯದ ತೂಕಾನ ಭಾಗಿಸಿ, ಬರೋದು ಆ ಲೋಹದ ಸಾಂದ್ರತೆ. ಹಳೇ ರೂಪಾಯಿಗೆ 11.66 ಭಾಗಿಸು 1.13, ಸುಮಾರು 10.3 ಬರತ್ತೆ, ಶೇಕಡಾ 90 ಆಸುಪಾಸಿನ ಬೆಳ್ಳಿಗೆ ಇಷ್ಟೇ ಬರಬೇಕು. 1940ರ ನಂತರದ ಅರ್ಧ ಬೆಳ್ಳಿ ರೂಪಾಯಿಗೆ ಒಂಬತ್ತೂವರೆ ಹತ್ರ ಬರತ್ತೆ, ತಾಮ್ರ ನಿಕ್ಕಲ್ ಮಿಶ್ರಣದ ನಕಲಿಗೆ 8.9. ಇಸವಿ ಸವೆದು ಓದೋಕಾಗದೇ ಇರೋ ನಾಣ್ಯಕ್ಕೆ ಇದಕ್ಕಿಂತ ಒಳ್ಳೇ ಉಪಾಯ ಇಲ್ಲ. ಡೀಲರ್ ಹತ್ರ ಎಕ್ಸ್‌ಆರ್‌ಎಫ್ ಮೆಷಿನ್, ಅಂದ್ರೆ ಎಕ್ಸ್‌ರೇ ಬಿಟ್ಟು ಲೋಹ ಗುರುತಿಸೋದು, ಇದ್ರೆ ಅದು ಕ್ಷಣದಲ್ಲಿ ಶೇಕಡಾ ಎಷ್ಟು ಅಂತ ಹೇಳತ್ತೆ, ಆದ್ರೆ ಅದು ಓದೋದು ಮೇಲ್ಮೈನ ಮಾತ್ರ, ದಪ್ಪ ಲೇಪ ಇದ್ರೆ ಅದನ್ನೂ ಬೆಳ್ಳಿ ಅಂದುಬಿಡತ್ತೆ, ಹಂಗಾಗಿ ಬಲ್ಲವರು ಅದರ ಜೊತೆ ತೂಕ ಅಳತೆನೂ ನೋಡ್ತಾರೆ. ನಾಣ್ಯಾನ ಕಲ್ಲಿಗೆ ಉಜ್ಜಿ ಆಸಿಡ್ ಹಾಕ್ತೀನಿ ಅಂದ್ರೆ ಬೇಡ ಅನ್ನಿ, ಆ ಗೀರು ಹೋಗಲ್ಲ.

ಡೀಲರ್ ಯಾಕೆ ನೂರಕ್ಕೆ ನೂರು ಕೊಡಲ್ಲ ಅನ್ನೋದು ಅರ್ಥ ಆದ್ರೆ ಅರ್ಧ ಸಿಟ್ಟು ಹೋಗತ್ತೆ. ಅವರು ನಿಮ್ಮಿಂದ ತಗೊಂಡಿದ್ದನ್ನ ಇನ್ನೊಬ್ಬರಿಗೆ ಮಾರಬೇಕು, ಇಲ್ಲಾ ಕರಗಿಸಿ ಬೆಳ್ಳಿ ಶುದ್ಧ ಮಾಡೋ ರಿಫೈನರಿಗೆ ಕಳಿಸಬೇಕು, ರಿಫೈನರಿ ತನ್ನ ಚಾರ್ಜ್ ಹಿಡ್ಕೊಳ್ಳತ್ತೆ, ದುಡ್ಡು ಕೈಗೆ ಬರೋಕೆ ದಿನಗಟ್ಲೆ ಆಗತ್ತೆ, ಅಷ್ಟರೊಳಗೆ ಬೆಲೆ ಬಿದ್ರೆ ನಷ್ಟ ಅವರದ್ದು, ಅಂಗಡಿ ಬಾಡಿಗೆ, ಇನ್ಶೂರೆನ್ಸ್ ಬೇರೆ. ಅದಕ್ಕೇ ಒಂದು ಔನ್ಸಿನ, ಶೇಕಡಾ 99.9 ಇಲ್ಲಾ ಅದಕ್ಕಿಂತ ಮೇಲಿನ ಹೊಸ ಕಾಲದ ನಾಣ್ಯಕ್ಕೆ, ಅಂದ್ರೆ ಅಮೆರಿಕನ್ ಈಗಲ್, ಕೆನಡಾದ ಮೇಪಲ್ ಲೀಫ್ ಥರದ್ದಕ್ಕೆ, ಒಳ್ಳೇ ರೇಟ್ ಕೊಡ್ತಾರೆ, ಬಂದ ಹಾಗೇ ಮತ್ತೆ ಮಾರಬಹುದು. ಶೇಕಡಾ 90ರದ್ದು ಅದರ ನಂತರ. ಶೇಕಡಾ 40, 35ರದ್ದಕ್ಕೆ ಅನುಪಾತಾನೇ ಕಮ್ಮಿ, ಯಾಕಂದ್ರೆ ಅಷ್ಟೇ ಬೆಳ್ಳಿ ತೆಗೆಯೋಕೆ ಎರಡು ಪಟ್ಟು ಲೋಹ ಸಾಗಿಸಿ ಕರಗಿಸಬೇಕು. ನನ್ನ ಅಳತೆಗೋಲು ಹೇಳ್ತೀನಿ, ಇದು ನಿಯಮ ಅಲ್ಲ: ಮಾಮೂಲಿ ಶೇಕಡಾ 90ರ ನಾಣ್ಯಕ್ಕೆ ಕರಗಿಸಿದ ಬೆಲೆಯ ನೂರಕ್ಕೆ 90 ದಾಟಿದ್ರೆ ಮಾತು ಮುಂದುವರಿಸ್ತೀನಿ, 85 ಅಂದ್ರೆ ಇನ್ನೊಂದು ಕಡೆ ಕೇಳ್ತೀನಿ, 75 ಅಂದ್ರೆ ನಗ್ತಾ ಕವರ್ ಎತ್ತಿಕೊಂಡು ಬರ್ತೀನಿ.

ಇದೂ ಮಾರ್ಕೆಟ್ ಜೊತೆ ಬದಲಾಗತ್ತೆ, ಅದೂ ತಲೆಕೆಳಗಾಗಿ. ಬೆಳ್ಳಿ ಏರ್ತಾ ಇದ್ರೆ ಡೀಲರ್ ಜಾಸ್ತಿ ಪರ್ಸೆಂಟ್ ಕೊಡ್ತಾರೆ ಅನ್ಕೋತೀವಿ, ಆಗೋದು ಉಲ್ಟಾ. ಏರಿದಾಗ ಎಲ್ಲಾರೂ ಡಬ್ಬಿ ಹಿಡ್ಕೊಂಡು ಮಾರೋಕೆ ಬರ್ತಾರೆ, ಡೀಲರ್ ಕೈಲಿ ಕ್ಯಾಶ್ ಖಾಲಿ, ರಿಫೈನರೀಲಿ ಸಾಲು, ಬೆಲೆ ಯಾವಾಗ ಮಗುಚಿ ಬೀಳತ್ತೋ ಅನ್ನೋ ಭಯ, ಎಲ್ಲಾ ಸೇರಿ ಪರ್ಸೆಂಟ್ ಇಳಿಯತ್ತೆ. ಆ ಭಯ ಸುಮ್ನೆ ಅಲ್ಲ. 1980ರ ಜನವರೀಲಿ ಬೆಳ್ಳಿ ಔನ್ಸಿಗೆ 50 ಡಾಲರ್ ಹತ್ರ ಹೋಗಿತ್ತು, ಅಮೆರಿಕದ ಶ್ರೀಮಂತ ಹಂಟ್ ಸಹೋದರರು ಸಾಲ ಮಾಡಿ ಬೆಳ್ಳಿ ಗುಡ್ಡೆ ಹಾಕ್ತಿದ್ದ ಕಾಲ, ಅದೇ ವರ್ಷ ಮಾರ್ಚ್ 27ಕ್ಕೆ ಅದು 11 ಡಾಲರ್ ಆಸುಪಾಸಿಗೆ ಬಂದು ಬಿತ್ತು. ಜನವರೀಲಿ ಫುಲ್ ರೇಟ್ ಕೊಟ್ಟು ತಗೊಂಡು ಮಾರ್ಚ್ ತನಕ ಕಪಾಟಲ್ಲಿ ಇಟ್ಟಿದ್ದ ಡೀಲರ್ ಸ್ಥಿತಿ ಊಹಿಸ್ಕೊಳ್ಳಿ.

ಕೌಂಟರ್ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆ ಎಷ್ಟು ಕೊಡ್ತೀರಾ ಅಂತಲ್ಲ, "ಶೇಕಡಾ 90ರದ್ದು, ಇಷ್ಟು ಗ್ರಾಂ ಇದೆ, ಸ್ಪಾಟಿನ ಎಷ್ಟು ಪರ್ಸೆಂಟಿಗೆ ತಗೋತೀರಾ" ಅಂತ. ಪರ್ಸೆಂಟ್ ಕೇಳಿದ್ರೆ ಮೂರು ಅಂಗಡೀನ ಹೋಲಿಸಬಹುದು, ಬರೀ ಮೊತ್ತ ಕೇಳಿದ್ರೆ ಬೆಳಗ್ಗೆ ಕೇಳಿದ್ದಕ್ಕೂ ಸಂಜೆ ಕೇಳಿದ್ದಕ್ಕೂ ಬೆಳ್ಳಿ ರೇಟೇ ಬದಲಾಗಿ ಯಾರು ಜಾಸ್ತಿ ಹೇಳಿದ್ರು ಅಂತಾನೇ ಗೊತ್ತಾಗಲ್ಲ. ಫೋನಲ್ಲೇ ಕೇಳಬಹುದು, ಒಂದೇ ಗಂಟೆಯೊಳಗೆ ಮೂರು ಕಡೆ. ಇನ್ನೊಂದು ಸಣ್ಣ ಟ್ರಿಕ್, ಅದೇ ನಾಣ್ಯಾನ ನೀವು ಎಷ್ಟಕ್ಕೆ ಮಾರ್ತೀರಾ ಅಂತಲೂ ಕೇಳಿ. ಕೊಳ್ಳೋ ರೇಟಿಗೂ ಮಾರೋ ರೇಟಿಗೂ ಅಂತರ ಕಮ್ಮಿ ಇದ್ರೆ ಅಲ್ಲಿ ಈ ಮಾಲು ಓಡ್ತಾ ಇದೆ ಅಂತ ಅರ್ಥ, ಕಣ್ಣು ಬಿಡೋ ಅಷ್ಟು ಅಂತರ ಇದ್ರೆ ನಿಮ್ಮ ಡಬ್ಬಿ ಅಲ್ಲಿ ಧೂಳು ತಿನ್ನತ್ತೆ, ಅದರ ಬಾಡಿಗೆ ನಿಮ್ಮಿಂದ ವಸೂಲಿ ಮಾಡ್ತಾರೆ. ದುಡ್ಡು ಇವತ್ತೇ ಬೇಕು ಅಂತ ಮಾತ್ರ ಬಾಯಿ ಬಿಡಬೇಡಿ. ಒಡವೆ ಅಂಗಡಿ, ಗಿರವಿ ಅಂಗಡಿಯವರಿಗೆ ಇದು ಬರೀ ಹಳೇ ಬೆಳ್ಳಿ, ನಾಣ್ಯದ ವ್ಯಾಪಾರ ಅವರದ್ದಲ್ಲ, ಕಟ್ ಮಾಡೋದೂ ಹಾಗೇ ಇರತ್ತೆ. ಎರಡು ದಿನಕ್ಕೆ ಹೋಟೆಲ್ ರೂಮ್ ಹಿಡಿದು "ಹಳೇ ನಾಣ್ಯ ಕೊಳ್ತೀವಿ" ಅಂತ ಬೋರ್ಡ್ ಹಾಕೋರ ಹತ್ರ ನಾನಂತೂ ಹೋಗಲ್ಲ, ನಾಳೆ ಹೋಗಿ ಕೇಳೋಕೆ ಅಲ್ಲಿ ಯಾರೂ ಇರಲ್ಲ.

ಡೀಲರ್ ಟ್ರೇಯಿಂದ ಒಂದೆರಡು ನಾಣ್ಯ ಎತ್ತಿ ಪಕ್ಕಕ್ಕಿಟ್ರೆ ಮಾತು ನಿಲ್ಲಿಸಿ ನೋಡಿ. ಅದು ನಕಲಿ ಇರಬಹುದು, ಇಲ್ಲಾ ಮಾಮೂಲಿ ಅಲ್ಲದೇ ಇರಬಹುದು. ಅಮೆರಿಕದ ಹಳೇ ಬೆಳ್ಳಿ ಡಾಲರ್, 26.73 ಗ್ರಾಮಿಂದು, ಮಾಮೂಲಿ ಇಸವಿದಾದ್ರೂ ಕರಗಿಸಿದ ಬೆಲೆಗಿಂತ ಮೇಲೆ ಓಡೋದೇ ಜಾಸ್ತಿ, ಅದರ ಹಿಂದೆ ಸಿಸಿ ಅನ್ನೋ ಪುಟ್ಟ ಗುರುತಿದ್ರೆ ಕಾರ್ಸನ್ ಸಿಟಿ ಟಂಕಸಾಲೆದು, ಬೇರೆ ರೇಟೇ. ರೂಪಾಯೀಲಿ 1911ರದ್ದು ನೋಡಿ, ದೊರೆಯ ನಿಲುವಂಗಿ ಮೇಲಿದ್ದ ಆನೆ ಚಿತ್ರ ಹಂದಿ ಥರ ಕಾಣತ್ತೆ ಅಂತ ಗಲಾಟೆ ಆಗಿ ಮುಂದಿನ ವರ್ಷ ಅಚ್ಚನ್ನೇ ತಿದ್ದಿದ್ರು, ಅದಕ್ಕೇ ಅದನ್ನ ಹಂದಿ ರೂಪಾಯಿ ಅಂತಾರೆ. ಇಂಥದ್ದು ಸಿಕ್ರೆ ಬೇರೆ ಕವರ್, ಬೇರೆ ಮಾತು. ಪಿಸಿಜಿಎಸ್, ಎನ್‌ಜಿಸಿ ಅಂತ ಗ್ರೇಡ್ ಹಾಕಿ ಪ್ಲಾಸ್ಟಿಕ್ ಡಬ್ಬೀಲಿ ಸೀಲ್ ಮಾಡಿ ಕೊಡೋ ಕಂಪನಿಗಳಿವೆ, ಮಾಮೂಲಿ ಸವೆದ ನಾಣ್ಯಾನ ಅಲ್ಲಿಗೆ ಕಳಿಸೋದು ದಂಡ, ಫೀಸು, ಕೊರಿಯರ್ ಸೇರಿ ನಾಣ್ಯಾನೇ ನುಂಗತ್ತೆ.

ಉಜ್ಜಬೇಡಿ ಅಂತ ಎಲ್ಲಾರೂ ಹೇಳ್ತಾರೆ, ಯಾರೂ ಕೇಳಲ್ಲ. ಕಪ್ಪಾಗಿರೋದು ಕೊಳೆ ಅಲ್ಲ, ಬೆಳ್ಳಿ ಗಾಳೀಲಿರೋ ಗಂಧಕದ ಜೊತೆ ಸೇರಿ ಆಗಿರೋ ಪದರ, ಅದರಿಂದ ಕರಗಿಸಿದ ಬೆಲೆ ಒಂದು ಚೂರೂ ಕಮ್ಮಿ ಆಗಲ್ಲ. ನನ್ನ ಕಸಿನ್ ಪಾಲಿಗೆ ತಾತನ ಡಬ್ಬಿಯಿಂದ ಮುಂಚೇನೇ ಒಂದು 1911ರ ರೂಪಾಯಿ ಹೋಗಿತ್ತು, ಮಾರೋ ಹಿಂದಿನ ರಾತ್ರಿ ಅವ್ನು ಟೂತ್‌ಪೇಸ್ಟ್ ಹಾಕಿ ಹಳೇ ಬ್ರಶ್ಶಲ್ಲಿ ಅರ್ಧ ಗಂಟೆ ಉಜ್ಜಿ, ಫಳಫಳ ಹೊಳಿಯೋ ನಾಣ್ಯ ತಗೊಂಡು ಹೋಗಿದಾನೆ. ಡೀಲರ್ ಭೂತಗನ್ನಡಿ ಹಿಡಿದು ನೋಡಿ, ಅದನ್ನ ಅವನ ಕೈಗೇ ಕೊಟ್ಟು, ನೀವೇ ನೋಡಿ ಅಂದ್ರಂತೆ. ದೊರೆಯ ಕೆನ್ನೆ ತುಂಬಾ ಕೂದಲೆಳೆ ಥರ ಗೀರು, ಎಲ್ಲಾ ಒಂದೇ ದಿಕ್ಕಿಗೆ. 10.69 ಗ್ರಾಂ ಬೆಳ್ಳಿ ರೇಟಿಗೆ ಕೊಟ್ಟು ಬಂದ.

ರೇಟ್ ಕುದುರಿದ್ಮೇಲೆ ಒಂದೊಂದು ಕವರನ್ನೂ ನಿಮ್ಮ ಎದುರಿಗೇ ಎಣಿಸಿ ತೂಗಲಿ, ಟ್ರೇ ಒಳಗಿನ ರೂಮಿಗೆ ಹೋಗೋದು ಬೇಡ. ರಸೀದಿ ಮೇಲೆ "ಹಳೇ ನಾಣ್ಯ, 44" ಅಂತ ಒಂದು ಸಾಲು ಬರೆದು ಕೊಡ್ತಾರೆ, ನಂಗೂ ಹಾಗೇ ಕೊಟ್ಟಿದ್ರು, ಅದನ್ನ ಹಿಡ್ಕೊಂಡು ಮೂರು ದಿನ ಆದ್ಮೇಲೆ ಹೋದ್ರೆ ವಾದ ಮಾಡೋಕೆ ಅದ್ರಲ್ಲಿ ಏನೂ ಇರ್ಲಿಲ್ಲ. ಶುದ್ಧತೆ ಪ್ರಕಾರ ಎಷ್ಟೆಷ್ಟು ಗ್ರಾಂ, ಅವತ್ತಿನ ಸ್ಪಾಟ್ ಎಷ್ಟು, ಎಷ್ಟು ಪರ್ಸೆಂಟ್, ಮೂರೂ ಬರೆಸ್ಕೊಂಡು, ದುಡ್ಡು ಅಕೌಂಟಿಗೆ ಬಿದ್ದಿದೆ ಅಂತ ನೋಡಿದ್ಮೇಲೆ ಕವರ್ ಬಿಟ್ಟು ಬನ್ನಿ.